ಯಾರಿಗೂ ಸೊಪ್ಪು ಹಾಕದ ನಾದಿನಿ

ನನ್ನ ನಾದಿನಿ ಸುಲ್ಮಾ ಬೆಂತಾಂಕುರ್ ಯಾರಿಗೂ ಸೊಪ್ಪು ಹಾಕುವವಳಲ್ಲ. ನಮ್ಮೂರು ಪಾಸೊ ಗಾರ್ಸಾದಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೆಲವರು ಹೆಮ್ಮೆಯಿಂದ, ಉಳಿದವರು ಹಲ್ಲು ಕಡಿಯುತ್ತ. ನಾನು ಎರಡೂ ಗುಂಪಿಗೆ ಸೇರಿದವಳು, ದಿನಕ್ಕೊಂದು ಥರ.

ಪುರಸಭೆಯ ಸಂಚಾರ ಇನ್‌ಸ್ಪೆಕ್ಟರ್ ಆಗುವ ಮೊದಲು ಅವಳು ಊರಿನ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿದ್ದಳು. ಒಮ್ಮೆ ಪಕ್ಕದೂರಿನವರ ಮೇಲೆ ಆಟ. ನನ್ನ ಗಂಡ ಎಬೆರ್, ಅಂದರೆ ಅವಳ ಸ್ವಂತ ಅಣ್ಣ, ಓಡಿಹೋಗುತ್ತಿದ್ದ ಎದುರಾಳಿಯ ಅಂಗಿ ಹಿಡಿದು ಎಳೆದ. ಇಡೀ ಮೈದಾನಕ್ಕೆ ಅದು ಕಂಡಿತ್ತು, ಆದರೆ ಮೈದಾನದ ತುಂಬ ನಮ್ಮವರೇ. ಯಾರೂ ಕಮಕ್ ಕಿಮಕ್ ಎನ್ನಲಿಲ್ಲ. ಸುಲ್ಮಾ ಸೀಟಿ ಊದಿ ಕೆಂಪು ಚೀಟಿ ಎತ್ತಿದಳು. ಮದುವೆಯಾಗಿ ಮೀಸೆ ಬಲಿತ ಗಂಡಸು "ಅಮ್ಮನಿಗೆ ಹೇಳ್ತೀನಿ ಕಣೇ!" ಎಂದು ಕೂಗಿಕೊಂಡು ಹೊರನಡೆದದ್ದನ್ನು ನೆನೆದು ಊರು ಇವತ್ತಿಗೂ ನಗುತ್ತದೆ. ಅವನು ಹೇಳಿಯೂ ಹೇಳಿದ. ಅತ್ತೆ ಇಬ್ಬರಿಗೂ ಊಟ ಬಡಿಸುತ್ತ, "ಅಂಗಿ ಯಾಕೋ ಎಳ್ದೆ?" ಎಂದಷ್ಟೇ ಕೇಳಿದರು. ಅವಳ ಗುಣ ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಅವತ್ತು.

ಸಮವಸ್ತ್ರ ಹಾಕಿದ ಮೇಲಂತೂ ಕೇಳಬೇಡಿ. ನಮ್ಮ ಪಾದ್ರಿಗಳಿಗೆ ಹೆಲ್ಮೆಟ್ ಹಾಕಿಸಿದವಳು ಅವಳೇ. "ದೇವರು ಕಾಪಾಡ್ತಾನೆ ಮಗಳೇ" ಎಂದರೆ, "ಕಾಪಾಡ್ಲಿ ಫಾದರ್, ಹೆಲ್ಮೆಟ್ ಮೇಲಿಂದಾನೇ ಕಾಪಾಡ್ಲಿ" ಎಂದಳು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆಣಕಿದರೆ ಅವಳ ಉತ್ತರ ಸಿದ್ಧ: "ಬಂದೋರೆಲ್ಲ ಹೆಲ್ಮೆಟ್ ಇಲ್ದೆ ಬಂದ್ರು." ಇನ್ನೊಂದು ಗುಣವಿತ್ತು. ರಸ್ತೆಯ ಮೇಲೆ ನಿಂತರೆ, ಜೊತೆ ಕೆಲಸ ಮಾಡುವವನೊಬ್ಬನನ್ನು ಬಿಟ್ಟು, ಅವಳ ಬಾಯಲ್ಲಿ 'ನೀನು' ಎಂಬ ಮಾತೇ ಇಲ್ಲ. ಕುರಿ ಕಾಯುವವನಿಗೂ ನೀವು, ಜೊತೆಗೆ ಓದಿದ ಗೆಳತಿಗೂ ನೀವು. 'ನೀವು' ಎಂದಳೆಂದರೆ ದಂಡ ಬಿತ್ತೆಂದೇ ಲೆಕ್ಕ.

ಗಾಂಜಾ ಕಾಯಿದೆಬದ್ಧವಾದಾಗ ನಮ್ಮೂರಿನಲ್ಲಿ ಮೊದಲು ಹೆಸರು ನೋಂದಾಯಿಸಿದವರು ಯಾರಿರಬಹುದು ಹೇಳಿ? ಪಡ್ಡೆ ಹುಡುಗರಲ್ಲ, ನನ್ನ ಅತ್ತೆ ಓಲಿಂದಾ. ಮನೆಯ ಹಿತ್ತಲಲ್ಲಿ ಆರು ಗಿಡ ಬೆಳೆಸಬಹುದು, ಪೋಸ್ಟಾಫೀಸಿನಲ್ಲಿ ಹೆಸರು ಬರೆಸಬೇಕು ಎಂದರು. ಅತ್ತೆ ಪಿಂಚಣಿಯ ಸಾಲಿನಲ್ಲಿಯೇ ನಿಂತು ಬರೆಸಿ ಬಂದರು. ಅವರ ಬೆರಳ ಗಂಟುಗಳು ಶುಂಠಿಯ ಗಡ್ಡೆಯ ಹಾಗೆ ಊದಿಕೊಂಡಿದ್ದವು. ಹೂವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚಿಕೊಳ್ಳುತ್ತಿದ್ದರು. ಸೇದುವ ಮಾತೆತ್ತಿದರೆ, "ಥೂ, ಹೊಗೆ ಕುಡಿಯೋದು ಹೊಲಸು ಬುದ್ಧಿ" ಎಂದು ಮುಖ ಸಿಂಡರಿಸುತ್ತಿದ್ದರು.

ಮನೆಯಲ್ಲಿ ಆರು ಗಿಡ. ಆದರೆ ಗಾಡಿ ಓಡಿಸುವವನ ಬಾಯಲ್ಲಿ ಸೊನ್ನೆ. ಕಾಯಿದೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಬೆರಳು ತೋರಿಸುತ್ತದೆ ಎಂದು ನಾನು ಬೈಯುತ್ತಿದ್ದೆ. ಸುಲ್ಮಾಳಿಗೆ ಅದರಲ್ಲಿ ಯಾವ ಗೊಂದಲವೂ ಕಾಣಲಿಲ್ಲ. ಜೊಲ್ಲು ಪರೀಕ್ಷೆಯ ಕಡ್ಡಿಗಳು ಕಚೇರಿಗೆ ಬಂದಾಗ ಅವಳು ಮಕ್ಕಳು ಪಾಠ ಕಲಿಯುವಂತೆ ಕಲಿತಳು. ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಯ ಕೆಳಗೆ ಇಟ್ಟು ತೆಗೆಯಬೇಕು, ಸ್ವಲ್ಪ ಕಾಯಬೇಕು. ಗೆರೆ ಮೂಡಿದರೆ ಬಾಯಿ ಶುದ್ಧ. ಮೂಡದಿದ್ದರೆ ಸಿಕ್ಕಿಬಿದ್ದ ಹಾಗೆ, ಲೈಸೆನ್ಸ್ ಆರು ತಿಂಗಳು ಕಚೇರಿಯ ಬೀರುವಿನಲ್ಲಿ.

ಕಟ್ಟಿಗೆ ಲಾರಿಯ ಹುಡುಗನೊಬ್ಬ ಸಿಕ್ಕಿಬಿದ್ದು ರೇಗಾಡಿದ್ದ. "ಭಾನುವಾರ ಸೇದಿದ್ದು ಮೇಡಂ, ಈಗ ತಲೆ ನೆಟ್ಟಗಿದೆ ನಂದು!"

"ಇರಬಹುದು," ಎಂದಳು ಸುಲ್ಮಾ. "ಈ ಕಡ್ಡಿಗೆ ನಿಮ್ಮ ತಲೆ ಒಳಗಿಂದು ಗೊತ್ತಾಗಲ್ಲ, ಬಾಯಿ ಒಳಗಿಂದು ಮಾತ್ರ ಗೊತ್ತಾಗತ್ತೆ. ತಲೆ ನೋಡೋ ಕಡ್ಡಿ ಬರೋ ತನಕ ಇದೇ ಗತಿ. ಕೀಲಿಕೈ ಕೊಡಿ."

ಈಗ ಎಬೆರ್‌ನ ವಿಷಯ. ಅವನು ಓಡಿಸುವುದು ಶಾಲೆಯ ಬಸ್ಸು. ಹೊಳೆಯಾಚೆ ದನ ಸಾಕುವ ಮನೆಗಳ ಮಕ್ಕಳೆಲ್ಲ ಆ ದಡದಲ್ಲಿ ಬಸ್ಸು ರಾತ್ರಿ ನಿಲ್ಲುವ ಶೆಡ್ಡಿನ ಹತ್ತಿರ ಸೇರುತ್ತಾರೆ, ಬಸ್ಸು ಅವರನ್ನು ತುಂಬಿಕೊಂಡು ಸೇತುವೆ ದಾಟಿ ಊರಿಗೆ ಬರುತ್ತದೆ. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಯಾವ ಮಗುವಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಯಾವುದು ಯಾವುದರ ಪಕ್ಕ ಕೂತರೆ ಜಡೆ ಎಳೆಯುತ್ತದೆ, ಎಲ್ಲವೂ ಅವನಿಗೆ ಗೊತ್ತು. ತಾಯಂದಿರು ಅವನನ್ನು ನಂಬಿ ಮಕ್ಕಳನ್ನು ಹತ್ತಿಸುತ್ತಾರೆ. ಆ ನಂಬಿಕೆಯೇ ಅವನ ಆಸ್ತಿ.

ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಣ್ಣ ತಂಗಿ ಇಬ್ಬರೂ ಅಮ್ಮನ ಅಡುಗೆಮನೆಯಲ್ಲಿ ಮಾಟೆಗೆ, ಅಂದರೆ ನಮ್ಮ ಕಡೆಯ ಕಹಿ ಎಲೆಯ ಚಹಾಕ್ಕೆ, ಕೂರಬೇಕು. ಅದು ತಪ್ಪಿದ್ದಿಲ್ಲ. ಒಂದೇ ಸೋರೆಬುರುಡೆ, ಒಂದೇ ನಳಿಗೆ. ಅತ್ತೆ ಮಾಟೆ ಪುಡಿಯ ಮೇಲೆ ಬಿಸಿನೀರು ಹಾಕಿ ಕೊಡುತ್ತಾರೆ, ಹೀರಿದವರು ಸುಮ್ಮನೆ ಹಿಂದಕ್ಕೆ ಕೊಡುತ್ತಾರೆ, ಸರದಿ ಸುತ್ತುತ್ತದೆ. ಕೊಡುವಾಗ 'ಗ್ರಾಸಿಯಾಸ್' ಎಂದರೆ ಮುಗಿಯಿತು. ಧನ್ಯವಾದ ಹೇಳಿದವರಿಗೆ ಇನ್ನು ಬೇಡವೆಂದೇ ಅರ್ಥ, ಬುರುಡೆ ಅವರನ್ನು ದಾಟಿ ಹೋಗುತ್ತದೆ. ಆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಗ್ರಾಸಿಯಾಸ್ ಹೇಳುವವಳು ನಾನು. ಅತ್ತೆಯ ಕೈಯ ಮಾಟೆ ಬೇವಿಗೂ ಬುದ್ಧಿ ಕಲಿಸುತ್ತದೆ. ಸಾಲದ್ದಕ್ಕೆ ಡಬ್ಬಿಗೆ ಇವತ್ತು ಪುದೀನ, ನಾಳೆ ಹೊಟ್ಟೆನೋವಿನ ಹೂವು ಎಂದು ಏನಾದರೊಂದು ಬೆರೆಸುತ್ತಲೇ ಇರುತ್ತಾರೆ. ನಮ್ಮ ಕಡೆಯ ಅತ್ತೆಯರೆಲ್ಲರ ಚಟ ಅದು.

ನನ್ನ ಬೇಕರಿ ಇರುವುದು ಸೇತುವೆಯ ಈ ದಡದಲ್ಲಿ. ಅವತ್ತು ಸುಲ್ಮಾ ಮತ್ತು ಅವಳ ಜೊತೆಗಾರ ವಿಲ್ಮಾರ್ ಅಲ್ಲಿಯೇ ತಪಾಸಣೆಗೆ ನಿಂತಿದ್ದರು. ಪುರಸಭೆಯ ಮೋಟರ್‌ಸೈಕಲ್ ಪಕ್ಕದಲ್ಲಿತ್ತು. ಬರುವ ಗಾಡಿಗಳನ್ನೆಲ್ಲ ನಿಲ್ಲಿಸುತ್ತಿದ್ದಳು. ಮಕ್ಕಳನ್ನು ತುಂಬಿಕೊಂಡ ಬಸ್ಸು ಬಂತು, ಅದನ್ನೂ ನಿಲ್ಲಿಸಿದಳು.

"ನಮಸ್ಕಾರ ಚಾಲಕರೇ, ಲೈಸೆನ್ಸ್ ತೋರಿಸಿ."

"ಏನೇ ಇದು, ಈಗ್ತಾನೆ ಅಮ್ಮನ ಮನೇಲಿ ಜೊತೆಗೇ ಕೂತಿದ್ವಿ! ಚಾಲಕರಂತೆ!" ಎಬೆರ್ ನಕ್ಕ. ಮಕ್ಕಳೂ ನಕ್ಕವು.

"ಬಾಯಿ ತೆಗೀರಿ."

ಅವನು ಹಲ್ಲಿನ ಡಾಕ್ಟರ ಮುಂದೆ ಕೂತವನಂತೆ ತಮಾಷೆಯಾಗಿ ಬಾಯಿ ತೆರೆದ. ಕಡ್ಡಿ ಹೋಯಿತು, ಬಂತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ವಿಲ್ಮಾರ್‌ನ ಮುಖ ಬಾಡಿತು. ಗೆರೆ ಮೂಡಿರಲಿಲ್ಲ.

"ಕಡ್ಡಿ ಕೆಟ್ಟಿರಬೇಕು," ವಿಲ್ಮಾರ್ ಪಿಸುಗುಟ್ಟಿದ. "ಸುಲ್ಮಾ, ನೀನು ಆ ಟ್ರಾಕ್ಟರ್ ನೋಡು ಹೋಗು. ಇದನ್ನ ನಾನು ನೋಡ್ಕೋತೀನಿ."

"ಮೊನ್ನೆ ಕಟ್ಟಿಗೆ ಲಾರಿ ಹುಡುಗನಿಗೆ ಕಡ್ಡಿ ಕೆಟ್ಟಿದೆ ಅಂದ್ವಾ?"

"ಇಲ್ಲ, ಆದ್ರೆ..."

"ಹಾಗಾದ್ರೆ ಬರ್ಕೋ."

ಎಬೆರ್ ಕೆಳಗಿಳಿದ. ರಸ್ತೆಯ ಬಿಳಿ ಗೆರೆಯ ಮೇಲೆ ನಡೆಯಲು ಹೇಳಿದಳು, ನಡೆದ. ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ, ತಿರುಗಿ, ಮತ್ತೆ ನಡೆದ. ದಾರ ಹಿಡಿದು ಎಳೆದ ಹಾಗಿತ್ತು ಅವನ ನಡಿಗೆ. ಸುಲ್ಮಾ ಅದನ್ನೂ ಬರೆಯಲು ಹೇಳಿದಳು: ನಡಿಗೆ ನೆಟ್ಟಗಿದೆ, ಜೊಲ್ಲು ಸಿಕ್ಕಿಬಿದ್ದಿದೆ.

ನನ್ನ ಪಿತ್ತ ನೆತ್ತಿಗೇರಿತು. ಹಿಟ್ಟಿನ ಕೈಯಲ್ಲೇ ರಸ್ತೆಗೆ ಓಡಿದೆ. "ಏನೇ ಮಾರಿ, ಒಡಹುಟ್ಟಿದೋನ ಹೊಟ್ಟೆ ಮೇಲೆ ಹೊಡೀತೀಯಾ? ಮಕ್ಕಳ ಮುಂದೆ? ನಾಳೆ ಯಾವ ತಾಯಿ ಇವನ ಬಸ್ ಹತ್ತಿಸ್ತಾಳೆ?"

"ರಸ್ತೆ ಬಿಟ್ಟು ಹಿಂದೆ ನಿಲ್ಲಿ, ಅತ್ತಿಗೆ."

ಎಬೆರ್ ನನ್ನ ತೋಳು ಹಿಡಿದ. "ಸುಲ್ಮಾ, ಅಮ್ಮನಾಣೆ. ಜನ್ಮದಲ್ಲಿ ನಾನು ಅದನ್ನ ಸೇದಿಲ್ಲ. ಬೆಳಿಗ್ಗೆಯಿಂದ ಅಮ್ಮ ಕೊಟ್ಟ ಮಾಟೆ ಬಿಟ್ರೆ ಬಾಯಿಗೆ ಬೇರೆ ಏನೂ ಹಾಕಿಲ್ಲ."

ಸುಲ್ಮಾ ಏನೋ ಹೇಳಲು ಹೊರಟವಳು ನಿಂತಳು. ಅವಳ ಕೈ ತಾನೇ ತಾನಾಗಿ ತುಟಿಗೆ ಹೋಯಿತು. ಆಮೇಲೆ ಅವಳು ಮೋಟರ್‌ಸೈಕಲ್ ಕಡೆ ನೋಡಿದಳು. ಅದನ್ನು ಓಡಿಸಿಕೊಂಡು ಬಂದವಳು ಅವಳೇ.

"ವಿಲ್ಮಾರ್, ಇನ್ನೊಂದು ಕಡ್ಡಿ ತೆಗಿ."

"ಸದ್ಯ! ಇವನಿಗೆ ಇನ್ನೊಂದ್ಸಲ ನೋಡಿಬಿಡೋಣ."

"ಇವರಿಗಲ್ಲ. ನನಗೆ."

"ನಿನಗೆ ಹುಚ್ಚಾ? ನಿನ್ನನ್ನ ಯಾರು ಕೇಳಿದ್ರು?"

"ನಾನೂ ಗಾಡಿ ಓಡಿಸ್ಕೊಂಡು ಬಂದಿದೀನಿ. ಅದೇ ಬುರುಡೆ, ಅದೇ ನಳಿಗೆ. ತೆಗಿ ಅಂದ್ನಲ್ಲ."

ವಿಲ್ಮಾರ್ ಅವಳ ನಾಲಿಗೆಯ ಕೆಳಗೆ ಕಡ್ಡಿ ಇಟ್ಟು ತೆಗೆದ. ಅವಳ ಬಾಯಿ ಶುದ್ಧವೆಂದು ಬಂದರೆ ನನ್ನ ಗಂಡ ಸುಳ್ಳುಗಾರ. ಬರದಿದ್ದರೆ ಅವಳ ಕೆಲಸಕ್ಕೇ ಸಂಚಕಾರ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಗೆರೆ ಮೂಡಲಿಲ್ಲ.

ಅವಳು ತನ್ನ ಲೈಸೆನ್ಸ್ ಮತ್ತು ಮೋಟರ್‌ಸೈಕಲ್ ಕೀಲಿಕೈಯನ್ನು ವಿಲ್ಮಾರ್‌ನ ಅಂಗೈಯಲ್ಲಿಟ್ಟಳು. "ಅವರದ್ದರ ಕೆಳಗೆ ನನ್ನ ಹೆಸರು ಬರಿ," ಎಂದಳು. ಆಮೇಲೆ ಬಸ್ಸಿನ ಬಾಗಿಲು ತೆಗೆಸಿ ಮಕ್ಕಳನ್ನು ಇಳಿಸಿ, ಕೈಕೈ ಹಿಡಿಸಿ, ತಾನು ಮುಂದೆ ನಿಂತು ಒಂದು ಕೈ ಎತ್ತಿ ಗಾಡಿಗಳನ್ನು ತಡೆಯುತ್ತ ಶಾಲೆಯವರೆಗೂ ನಡೆಸಿಕೊಂಡು ಹೋದಳು. ಎಬೆರ್ ಸಾಲಿನ ಕೊನೆಯಲ್ಲಿ ಯಾರದ್ದೋ ಚೀಲ ಹೊತ್ತು ನಡೆದ.

ನಾನು ಬೇಕರಿಗೆ ಬೀಗ ಹಾಕಿ ನೇರ ಅತ್ತೆಯ ಮನೆಗೆ ಹೋದೆ. ಹಿಂದೆಯೇ ಅವರಿಬ್ಬರೂ ಬಂದರು. ಅತ್ತೆ ಹೊಸದಾಗಿ ಬೆರೆಸಿದ ಮಾಟೆ ಡಬ್ಬಿ ಮುಂದಿಟ್ಟುಕೊಂಡು ಅವರೆಕಾಳು ಬಿಡಿಸುತ್ತಿದ್ದರು.

"ಅಮ್ಮ, ಈ ಡಬ್ಬಿಗೆ ಏನು ಬೆರೆಸಿದೀಯ?" ಎಂದಳು ಸುಲ್ಮಾ.

"ಏನಿಲ್ವೇ, ಒಂದು ಸೊಪ್ಪು. ನನ್ನ ಬೆರಳಿಗೆ ಒಳ್ಳೇದು ಅಂತ ಹಿತ್ತಲಿಂದು ಒಂದು ಹಿಡಿ ಒಣಗಿಸಿ ಉದುರಿಸಿದೆ. ಯಾಕೆ, ಕದ್ದಿದ್ದಲ್ಲ, ಪೋಸ್ಟಾಫೀಸಲ್ಲಿ ಬರೆಸಿದೀನಿ!"

"ನಿನಗೆ ಬೇರೆ, ನಮಗೆ ಬೇರೆ ಮಾಡ್ಬಾರದಿತ್ತಾ?"

ಅತ್ತೆಗೆ ಸಿಟ್ಟೇ ಬಂತು. "ಒಬ್ಬಳೇ ಕೂತು ಕುಡಿಯೋಕೆ ಅದೇನು ಕಷಾಯಾನಾ? ಮಕ್ಕಳು ಮುಂದೆ ಕೂತಿರೋವಾಗ ಬೇರೆ ಬುರುಡೆ ಹಿಡಿಯೋಕೆ ನನಗೇನು ರೋಗ ಬಂದಿದೆಯಾ?"

ನಮ್ಮೂರಿನಲ್ಲಿ ಬೇರೆ ಬುರುಡೆ ಹಿಡಿಯುವುದೆಂದರೆ ಮನೆ ಒಡೆದಂತೆ. ವಿಷಯ ತಿಳಿದಾಗ ಅತ್ತೆಯ ಕೈಯಿಂದ ಕಾಳು ನೆಲಕ್ಕೆ ಚೆಲ್ಲಿದವು. ಬೇರೆ ಪೊಟ್ಟಣ ಒಡೆದು, ಬುರುಡೆ ತೊಳೆದು, ಹೊಸದಾಗಿ ನೀರು ಹಾಕಿ ಮಗಳ ಮುಂದೆ ಹಿಡಿದರು. "ಇದು ಬರೀ ಮಾಟೆ. ಕುಡಿ ತಾಯಿ."

ಸುಲ್ಮಾ ಮುಟ್ಟಲಿಲ್ಲ. "ಗ್ರಾಸಿಯಾಸ್, ಅಮ್ಮ," ಎಂದಳು.

ಅಷ್ಟೇ ಅಂದದ್ದು. ಆದರೆ ಅವತ್ತಿನಿಂದ ಆ ಅಡುಗೆಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ಆ ಒಂದು ಮಾತು ಹೇಳಿಬಿಡುತ್ತಿದ್ದಳು, ಅತ್ತೆ ಬುರುಡೆಯನ್ನು ಹಾಗೆಯೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಕಚೇರಿಯ ಮುಖ್ಯಸ್ಥ ಒಳ್ಳೆಯವನೇ. ಅವಳನ್ನು ಕರೆದು ಬಾಗಿಲು ಹಾಕಿದನಂತೆ. "ನಿಮ್ಮನ್ನ ಯಾರೂ ಹಿಡಿದಿಲ್ಲ, ನೀವೇ ಬಾಯಿ ತೆಗೆದಿದ್ದು. ನಿಮ್ಮ ಹೆಸರು ಹೊಡೆದು ಹಾಕ್ತೀನಿ, ಮನೆಗೆ ಹೋಗಿ."

"ನಂದು ಹೊಡೆದ್ರೆ ಅವರದ್ದೂ ಹೊಡೀಬೇಕು. ಅವರದ್ದು ಹೊಡೆದ್ರೆ ಲಾರಿ ಹುಡುಗನದ್ದೂ ಹೊಡೀಬೇಕು. ಅವನೂ ತಲೆ ನೆಟ್ಟಗಿದೆ ಅಂತಾನೇ ಹೇಳಿದ್ದು."

"ಮತ್ತೇನ್ ಮಾಡೋಣ ಅಂತೀರಿ?"

"ಮೂರೂ ಇರ್ಲಿ."

ಮೂರೂ ಉಳಿದವು. ಅವಳನ್ನು ರಸ್ತೆ ತಪಾಸಣೆಯಿಂದ ತೆಗೆದು ಶಾಲೆಯ ಮುಂದೆ ಮಕ್ಕಳನ್ನು ದಾಟಿಸುವ ಕೆಲಸಕ್ಕೆ ಹಾಕಿದರು. ಹಳೆಯ ರೆಫರಿ ಸೀಟಿಯನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದಳು.

ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಎಬೆರ್ ಬಸ್ಸಿನಲ್ಲೇ ಸೇದುತ್ತಿದ್ದನಂತೆ, ಮಕ್ಕಳು ಬಾಡಿ ಬರುತ್ತಿದ್ದುದು ಅದಕ್ಕೇ ಅಂತೆ. ಅಂತೆ ಕಂತೆಗಳು ಹೊಳೆ ದಾಟಿ ಬೆಳೆದವು. ಬಸ್ಸಿಗೆ ಬೇರೆ ಊರಿನ ಚಾಲಕ ಬಂದ. ಎಬೆರ್ ನನ್ನ ಬೇಕರಿಯಲ್ಲಿ ಹಿಟ್ಟು ನಾದತೊಡಗಿದ. ಸ್ಟೇರಿಂಗ್ ಹಿಡಿದ ಕೈ ಅದು. ಅವನು ನಾದಿದ ಬ್ರೆಡ್ಡಿನಿಂದ ಗೋಡೆ ಕಟ್ಟಬಹುದಿತ್ತು. ಗಿರಾಕಿ ಬಂದರೆ ಒಳಗೆ ಹೋಗಿ ನಿಲ್ಲುತ್ತಿದ್ದ. ಬಸ್ಸಿನ ಹಾರ್ನ್ ಕೇಳಿದಾಗ ಮಾತ್ರ ಕಿಟಕಿಗೆ ಬರುತ್ತಿದ್ದ. ನನ್ನ ಗಂಡನನ್ನು ಹಾಗೆ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಶಾಲೆಯಂಗಳದಲ್ಲಿ ಪಾಲಕರ ಸಭೆ ಸೇರಿತು. ಎಬೆರ್‌ಗೆ ಲೈಸೆನ್ಸ್ ಮರಳಿದರೂ ಬಸ್ಸು ಕೊಡಬಾರದೆಂದು ಬರೆದು ಕೊಡುವುದು ಅವರ ಉದ್ದೇಶ. ಮುಂದಾಳು ನೂಬಿಯಾ, ಅವಳ ಇಬ್ಬರು ಹೆಣ್ಣುಮಕ್ಕಳು ಆ ಬಸ್ಸಿನಲ್ಲೇ ಬರುವವರು. ಕರೆಯದೆಯೇ ಸುಲ್ಮಾ ಹೋದಳು, ಒಂದು ಕೈಯಲ್ಲಿ ಅಮ್ಮ, ಇನ್ನೊಂದು ಕೈಯಲ್ಲಿ ಆ ಡಬ್ಬಿ.

"ಬೆರೆಸಿದ್ದು ನಾನು," ಎಂದರು ಅತ್ತೆ ಬೆರಳುಗಳನ್ನು ಎತ್ತಿ ತೋರಿಸುತ್ತ. "ನಿಮ್ಮಲ್ಲಿ ಯಾರ ಮನೆ ಡಬ್ಬೀಲಿ ಬರೀ ಮಾಟೆ ಇದೆ, ಕೈ ಎತ್ತಿ ನೋಡೋಣ."

ಯಾರೂ ಎತ್ತಲಿಲ್ಲ. ನೂಬಿಯಾ ಮಾತ್ರ ಬಗ್ಗಲಿಲ್ಲ. "ಓಲಿಂದಾ ಅಮ್ಮ, ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಕಾಯಿದೆ ಮನೇಲಿ ಬೆಳೆಸ್ಕೋ ಅನ್ನತ್ತೆ, ರಸ್ತೇಲಿ ಸೊನ್ನೆ ಅನ್ನತ್ತೆ. ಎರಡರ ಮಧ್ಯ ಕೂತಿರೋರು ನನ್ನ ಮಕ್ಕಳು. ನಾಳೆ ಇನ್ನೊಂದು ಡಬ್ಬಿ ಬರಲ್ಲ ಅಂತ ಯಾರು ಹೇಳ್ತಾರೆ?"

"ನೀವು ಕೇಳಿದ್ದು ಸರಿ," ಎಂದಳು ಸುಲ್ಮಾ. ನನಗೆ ಆಶ್ಚರ್ಯವಾಯಿತು; ಅವಳು ಇನ್ನೊಬ್ಬರಿಗೆ ಸರಿ ಎಂದದ್ದನ್ನು ನಾನು ಕೇಳಿರಲೇ ಇಲ್ಲ. "ಬಾಯಿ ಮಾತು ನಂಬಬೇಡಿ. ಬಸ್ಸು ಯಾರೇ ಓಡಿಸ್ಲಿ, ದಿನಾ ಬೆಳಿಗ್ಗೆ ಹೊರಡೋ ಮುಂಚೆ ಆಚೆ ದಡದ ಶೆಡ್ಡಲ್ಲಿ ನಿಮ್ಮ ಕಣ್ಣ ಮುಂದೇನೇ ಕಡ್ಡಿ ಇಡ್ತೀನಿ. ನಾನು ಒಂದೇ ಒಂದು ದಿನ ತಪ್ಪಿಸ್ಲಿ, ಅವತ್ತೇ ಮಕ್ಕಳನ್ನ ಇಳಿಸ್ಕೊಂಡು ಹೋಗಿ."

"ಚಳಿಗಾಲದಲ್ಲೂ?" ಯಾರೋ ಹಿಂದಿನಿಂದ ಕುಟುಕಿದರು. "ಗಾಡಿ ಇಲ್ದೆ ಹೊಳೆ ದಾಟ್ತೀರಾ?"

"ಕಾಲಿದೆಯಲ್ಲ."

ಕಡ್ಡಿಗಳಿಗಾಗಿ ಕಚೇರಿಯಲ್ಲಿ ಜಗಳವಾಡಿದಳು, ತಂದಳು. ಚಳಿಗಾಲ ಬಂತು. ಹುಲ್ಲಿನ ಮೇಲೆ ಹಿಮ ಬಿಳುಪಾಗಿ ಕೂತ ಬೆಳಗುಗಳಲ್ಲಿ ಅವಳು ನನ್ನ ಬೇಕರಿಯ ಮುಂದೆ ಹಾದು ಸೇತುವೆಯ ಮೇಲೆ ನಡೆದು ಹೋಗುತ್ತಿದ್ದಳು. ಹೊಳೆಯ ಗಾಳಿ ಮೂಳೆ ಕೊರೆಯುತ್ತಿತ್ತು. ಒಮ್ಮೆ ಜ್ವರ ಬಂದು ಕಣ್ಣು ಕೆಂಪಾಗಿತ್ತು. ನಾನು ಹೊರಗೆ ಬಂದು ಅಡ್ಡ ನಿಂತೆ. "ಇವತ್ತೊಂದಿನ ವಿಲ್ಮಾರ್ ಹೋಗ್ಲಿ ಬಿಡೇ. ಸತ್ತುಗಿತ್ತು ಹೋದೀಯ."

"ಮಾತು ಕೊಟ್ಟಿದ್ದು ವಿಲ್ಮಾರ್ ಅಲ್ಲ, ಅತ್ತಿಗೆ."

ಅವಳ ಮೇಲೆ ಎಷ್ಟೇ ಸಿಟ್ಟಿರಲಿ, ಬಿಸಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಅವಳ ಜೇಬಿಗೆ ತುರುಕಿದೆ. ಆಮೇಲೆ ಅದು ದಿನದ ರೂಢಿಯಾಯಿತು. ಬೇರೆ ಊರಿನ ಚಾಲಕ ಮೊದಮೊದಲು, "ನಾನೇನು ಕಳ್ಳನಾ?" ಎಂದು ಕೂಗಾಡುತ್ತಿದ್ದ. ಕೊನೆಕೊನೆಗೆ ಅವಳನ್ನು ದೂರದಲ್ಲಿ ಕಂಡಾಗಲೇ ಬಾಯಿ ತೆಗೆದು ನಿಲ್ಲುತ್ತಿದ್ದನಂತೆ. ಪಾಲಕರು ಮೊದಲು ಕೈಕಟ್ಟಿ ದುರುಗುಟ್ಟಿ ನೋಡುತ್ತಿದ್ದರು. ಆಮೇಲಾಮೇಲೆ ನೂಬಿಯಾ ಅವಳಿಗೆಂದು ಕುರ್ಚಿ ತಂದಿಟ್ಟಳು. ಅವಳು ಒಂದು ದಿನವೂ ಅದರ ಮೇಲೆ ಕೂರಲಿಲ್ಲ.

ಅತ್ತೆಯ ಮನೆಯಲ್ಲಿ ಈಗ ಎರಡು ಡಬ್ಬಿ. ಬೆರಳಿನ ಮದ್ದಿನ ಡಬ್ಬಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. "ಅದಕ್ಕೆ ಕೆಂಪು ಚೀಟಿ ಕೊಟ್ಟಿದೀನಿ, ಆಟಕ್ಕಿಲ್ಲ," ಎನ್ನುತ್ತಾರೆ. ಮದ್ದನ್ನು ಒಬ್ಬರೇ ಹಿತ್ತಲಲ್ಲಿ ಕೂತು, ಯಾರಿಗೂ ಕಾಣದ ಹಾಗೆ, ನಾಚಿಕೊಂಡು ಕುಡಿಯುತ್ತಾರೆ.

ಎಬೆರ್‌ಗೆ ಲೈಸೆನ್ಸ್ ಮರಳಿದ ಬೆಳಿಗ್ಗೆ ನಾನು ಬೇಕರಿ ತೆರೆಯಲಿಲ್ಲ. ಅವನ ಜೊತೆ ಸೇತುವೆ ದಾಟಿದೆ. ಆಚೆ ದಡದಲ್ಲಿ ಪಾಲಕರೆಲ್ಲ ನಿಂತಿದ್ದರು, ಮಾಮೂಲಿಗಿಂತ ಹೆಚ್ಚೇ ಜನ. ಮಕ್ಕಳು ಆಗಲೇ ಬಸ್ಸಿನೊಳಗೆ ಕೂತಿದ್ದವು, ಕೂರಿಸಿದವಳು ನೂಬಿಯಾ. ಅದನ್ನು ಕಂಡು ನನ್ನ ಕಣ್ಣು ತುಂಬಿತು. ಸುಲ್ಮಾ ಬಾಗಿಲಿನ ಹತ್ತಿರ ಕಡ್ಡಿ ಹಿಡಿದು ನಿಂತಿದ್ದಳು.

"ನಮಸ್ಕಾರ ಚಾಲಕರೇ."

ಎಬೆರ್ ಹೇಳಿಸಿಕೊಳ್ಳಲಿಲ್ಲ, ತಾನೇ ಬಾಯಿ ತೆರೆದ. ಅವನ ಹಿಂದೆ ಕಿಟಕಿ ಕಿಟಕಿಯಲ್ಲೂ ಮಕ್ಕಳು ನಾಲಿಗೆ ಎತ್ತಿ "ಆ" ಎಂದು ಬಾಯಿ ತೆರೆದವು. ಪಾಲಕರಲ್ಲಿ ಯಾರೋ ಕಿಸಕ್ಕೆಂದರು, ಸುಲ್ಮಾ ನಗಲಿಲ್ಲ. ಕಡ್ಡಿಯನ್ನೇ ನೋಡುತ್ತ ನಿಂತಳು. ನಾವೆಲ್ಲ ನಿಂತೆವು. ಗೆರೆ ಮೂಡಿತು. ಅವಳು ಅದನ್ನು ಎತ್ತಿ ಮೊದಲು ನೂಬಿಯಾಗೆ, ಆಮೇಲೆ ಎಲ್ಲರಿಗೂ ತೋರಿಸಿದಳು.

"ಹೊರಡು, ಅಣ್ಣ," ಎಂದಳು.

ರಸ್ತೆಯ ಮೇಲೆ ಅವಳು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಎಬೆರ್ ಸ್ಟೇರಿಂಗ್ ಹಿಂದೆ ಕೂತು ಬೇಕಿಲ್ಲದಿದ್ದರೂ ಹಾರ್ನ್ ಬಾರಿಸಿದ. ಬಸ್ಸು ಹೊರಟುಹೋಯಿತು.

ಅಷ್ಟು ಹೊತ್ತಿಗೆ ಸೇತುವೆಯ ಮೇಲಿಂದ ಅತ್ತೆ ಬಂದರು, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಬುರುಡೆ. ಅಷ್ಟು ದೂರ ನಡೆದು ಏದುಸಿರು ಬಿಡುತ್ತಿದ್ದರು. ಮೊದಲ ಸುತ್ತು ತಾವೇ ಹೀರಿದರು, ಮತ್ತೆ ನೀರು ಹಾಕಿ ಆ ಗಂಟು ಬೆರಳುಗಳಲ್ಲಿ ಬುರುಡೆಯನ್ನು ಮುಂದೆ ಹಿಡಿದರು.

ಸುಲ್ಮಾ ತೆಗೆದುಕೊಂಡಳು. ನಳಿಗೆಯಲ್ಲಿ ಗೊರ ಗೊರ ಸದ್ದು ಬರುವ ತನಕ ಹೀರಿದಳು, ಹಿಂದಕ್ಕೆ ಕೊಟ್ಟಳು. ಅತ್ತೆಯೂ ನಾನೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಅವಳು ಸೇತುವೆಯ ಕಡೆ ನೋಡುತ್ತ ಸುಮ್ಮನೆ ನಿಂತಳು, ಗ್ರಾಸಿಯಾಸ್ ಎನ್ನಲಿಲ್ಲ.

ಅತ್ತೆ ಮತ್ತೆ ನೀರು ಹಾಕಿದರು.